ಸಮುದ್ರವಿಲ್ಲದ ಊರಲ್ಲಿ ಉಪ್ಪುನೀರಿನ ಅಕ್ವೇರಿಯಂ: ಪಾಚಿ ತೊಳೆದು ಮತ್ತೆ ಶುರು ಮಾಡುವ ಲೆಕ್ಕ

ಬಂಟ್ವಾಳದಿಂದ ವೆಲ್ಲೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ನಮ್ಮ ಕೋಲಾರ, ಮುಳಬಾಗಿಲು ದಾಟಿಕೊಂಡೇ ಹೋಗುತ್ತೆ. ಅದರ ಮೇಲೆ ಮಂಗಳೂರಿನ ಕಡೆ ಹೊರಟರೂ, ಚೆನ್ನೈ ಕಡೆ ಹೊರಟರೂ ಅಲೆ ಕಾಣೋಕೆ ನೂರಾರು ಕಿಲೋಮೀಟರ್ ಹೋಗ್ಲೇಬೇಕು. ಆದ್ರೂ ಸಮುದ್ರದ ಮೀನು ಸಾಕುವ ಆಸೆ ನಮ್ಮ ಕಡೆಯವರಿಗೂ ಇದೆ. ಕಿತ್ತಳೆ ಮೈಮೇಲೆ ಬಿಳಿ ಪಟ್ಟಿಯ ಎರಡು ಕ್ಲೌನ್ ಫಿಶ್, ಒಂದಿಷ್ಟು ಕಲ್ಲು, ನೀಲಿ ಲೈಟ್. ಮೊದಲ ಮೂರು ತಿಂಗಳು ಬಂದವರೆಲ್ಲಾ ಅದರ ಮುಂದೆ ನಿಂತು ಫೋಟೋ ತೆಗೀತಾರೆ. ಆಮೇಲೆ ಗಾಜಿನ ಮೇಲೆ ಕಂದು ಪುಡಿ, ಕಲ್ಲಿನ ಮೇಲೆ ಹಸಿರು ಕೂದಲು, ಮರಳಿನ ಮೇಲೆ ಕೆಂಪು ಲೋಳೆ. ಒಂದು ವರ್ಷಕ್ಕೆ ಒಳಗೆ ಮೀನು ಇದೆಯೋ ಇಲ್ಲವೋ ಅನ್ನೋದೇ ಕಾಣೋದಿಲ್ಲ.

ಆಗ ಯಾರಾದ್ರೂ ಹೇಳೋ ಮಾತು ಒಂದೇ: "ಎಲ್ಲಾ ಚೆಲ್ಲಿ, ತೊಳ್ದು, ಹೊಸದಾಗಿ ಶುರು ಮಾಡಿ." ಮಾತು ತಪ್ಪೇನಲ್ಲ. ಆದ್ರೆ ಹಾಗೆ ತೊಳೆದು ಶುರು ಮಾಡಿದ ಎಷ್ಟೋ ಟ್ಯಾಂಕುಗಳು ಆರು ತಿಂಗಳಿಗೆ ಮತ್ತೆ ಅದೇ ಬಣ್ಣಕ್ಕೆ ತಿರುಗ್ತವೆ. ಗಾಜು ತೊಳೆಯೋದು ಅರ್ಧ ದಿನದ ಕೆಲಸ. ಪಾಚಿಗೆ ಊಟ ಎಲ್ಲಿಂದ ಬಂತು ಅನ್ನೋ ಲೆಕ್ಕ ಹಿಡಿಯೋದು ಅಸಲಿ ಕೆಲಸ. ಈ ಲೇಖನದಲ್ಲಿ ಎರಡನ್ನೂ ನೋಡೋಣ. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ 100 ಸೆಂ.ಮೀ. ಉದ್ದ, 40 ಅಗಲ, 50 ಎತ್ತರದ ಗಾಜಿನ ಟ್ಯಾಂಕ್ ಇಟ್ಕೊಳ್ಳೋಣ. ಅಂದ್ರೆ 200 ಲೀಟರ್.

ಪಾಚಿಗೆ ಊಟ ಹಾಕ್ತಿರೋರು ಯಾರು?

ಪಾಚಿ ಬೆಳೆಯೋಕೆ ಬೆಳಕು, ಇಂಗಾಲ, ಸಾರಜನಕ, ರಂಜಕ ಸಾಕು. ಬೆಳಕು ನಾವೇ ಕೊಡ್ತೀವಿ, ಇಂಗಾಲ ಗಾಳಿಯಿಂದಲೂ ನೀರಿನಿಂದಲೂ ಸಿಗುತ್ತೆ. ಉಳಿದ ಎರಡು ಬರೋದು ಎರಡೇ ದಾರಿಯಲ್ಲಿ: ಮೀನಿಗೆ ಹಾಕುವ ಆಹಾರ ಮತ್ತು ನಾವು ತುಂಬುವ ನೀರು.

ಮೊದಲು ಆಹಾರ. ಒಣ ಆಹಾರದಲ್ಲಿ ಶೇ. 40 ಪ್ರೋಟೀನ್ ಇದೆ ಅಂತ ಇಟ್ಕೊಳ್ಳಿ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 16 ಸಾರಜನಕ. ಅಲ್ಲಿಗೆ 1 ಗ್ರಾಂ ಆಹಾರದಲ್ಲಿ 64 ಮಿಲಿಗ್ರಾಂ ಸಾರಜನಕ. ಮೀನು ತಿಂದು ವಿಸರ್ಜಿಸಿದ್ದು ಅಮೋನಿಯಾ ಆಗಿ, ಬ್ಯಾಕ್ಟೀರಿಯಾಗಳ ಕೈಯಲ್ಲಿ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗುತ್ತೆ. ನೈಟ್ರೇಟಿನ ಅಣುತೂಕ 62, ಸಾರಜನಕದ್ದು 14. ಆದ್ದರಿಂದ 64 ಮಿ.ಗ್ರಾಂ. ಸಾರಜನಕ ಪೂರ್ತಿ ನೈಟ್ರೇಟ್ ಆದರೆ ಸುಮಾರು 283 ಮಿ.ಗ್ರಾಂ. 200 ಲೀಟರಿಗೆ ಹಂಚಿದರೆ ಲೀಟರಿಗೆ 1.4 ಮಿ.ಗ್ರಾಂ. ದಿನಕ್ಕೆ ಒಂದು ಗ್ರಾಂ ಹಾಕ್ತಾ ಹೋದರೆ ತಿಂಗಳಿಗೆ 42. ಒಂದಷ್ಟು ಭಾಗ ಮೀನಿನ ಮೈ ಸೇರುತ್ತೆ, ಒಂದಷ್ಟು ಅನಿಲವಾಗಿ ಹೋಗುತ್ತೆ. ಆದ್ರೂ ಗರಿಷ್ಠ ಎಷ್ಟು ಅನ್ನೋದು ಇದರಿಂದ ಗೊತ್ತಾಯ್ತು. ಹವಳದ ದಿಬ್ಬದ ಸುತ್ತಲಿನ ಸಮುದ್ರದಲ್ಲಿ ನೈಟ್ರೇಟ್ ಲೀಟರಿಗೆ ಒಂದು ಮಿ.ಗ್ರಾಂ.ಗಿಂತಲೂ ಕಡಿಮೆ.

ರಂಜಕ ಇನ್ನೂ ಮೋಸಗಾರ. ಸಮುದ್ರದ ಸೂಕ್ಷ್ಮಜೀವಿಗಳ ಮೈಯಲ್ಲಿ ಇಂಗಾಲ, ಸಾರಜನಕ, ರಂಜಕದ ಪರಮಾಣುಗಳು ಸರಾಸರಿ 106:16:1 ಪ್ರಮಾಣದಲ್ಲಿ ಇರ್ತವೆ. ಈ ಅನುಪಾತಕ್ಕೆ ಆಲ್ಫ್ರೆಡ್ ರೆಡ್‌ಫೀಲ್ಡ್ ಅವರ ಹೆಸರೇ ಇದೆ. ಅವರು ಈ ಬಗ್ಗೆ ಮೊದಲು ಬರೆದದ್ದು 1934ರಲ್ಲಿ. ಲೆಕ್ಕ ಹಾಕಿದರೆ 1 ಮಿ.ಗ್ರಾಂ. ರಂಜಕ ಸಿಕ್ಕರೆ ಸಾಕು, 41 ಮಿ.ಗ್ರಾಂ. ಇಂಗಾಲ ಕಟ್ಟಿಕೊಂಡು ಪಾಚಿ ಮೈ ಬೆಳೆಸುತ್ತೆ. ಅದಕ್ಕೇ ಚಿಟಿಕೆ ಆಹಾರ ಜಾಸ್ತಿ ಆದ್ರೂ ಗಾಜು ಹಸಿರಾಗೋದು.

ಎರಡನೇ ದಾರಿ ನೀರು. ಇಲ್ಲಿ ಕೋಲಾರದ ಕಥೆ ಶುರುವಾಗುತ್ತೆ. ನಮ್ಮದು ಗ್ರಾನೈಟ್ ಮತ್ತು ನೈಸ್ ಕಲ್ಲಿನ ನೆಲ. ಆಳದ ಬೋರ್‌ವೆಲ್ ನೀರು ಗಡಸು; ಅದರಲ್ಲಿ ಕಲ್ಲಿನಿಂದ ಕರಗಿದ ಸಿಲಿಕಾ ಇರುತ್ತೆ. ಫ್ಲೋರೈಡ್ ಅಂತೂ ಜಿಲ್ಲೆಯ ಹಳೇ ತಲೆನೋವು. ಟೊಮೆಟೊ, ತರಕಾರಿ ಬೆಳೆಗೆ ಹಾಕುವ ಗೊಬ್ಬರದಲ್ಲಿ ಬೆಳೆ ಹೀರದೆ ಬಿಟ್ಟ ನೈಟ್ರೇಟ್ ಮಣ್ಣಿನ ಮೂಲಕ ಕೆಳಗಿಳಿದು ಅಂತರ್ಜಲ ಸೇರುತ್ತೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ.ವರೆಗೆ ಇರಬಹುದು. ಮನುಷ್ಯ ಕುಡಿಯೋಕೆ ಅದು ಒಪ್ಪಿತ ಮಿತಿ; ಪಾಚಿಗೆ ಅದೇ ಮದುವೆ ಊಟ.

ಟ್ಯಾಂಕಿನಿಂದ ದಿನಕ್ಕೆ 2 ಲೀಟರ್ ಆವಿಯಾಗುತ್ತೆ ಅಂದುಕೊಳ್ಳಿ. ಆವಿಯಾಗೋದು ಬರೀ ನೀರು, ಕರಗಿದ್ದೆಲ್ಲಾ ಒಳಗೇ ಉಳಿಯುತ್ತೆ. ಆ 2 ಲೀಟರನ್ನು 40 ಮಿ.ಗ್ರಾಂ. ನೈಟ್ರೇಟ್ ಇರುವ ನಲ್ಲಿ ನೀರಿನಿಂದ ತುಂಬಿದರೆ ದಿನಕ್ಕೆ 80 ಮಿ.ಗ್ರಾಂ. ಹೊಸದಾಗಿ ಸೇರಿತು. ತಿಂಗಳಿಗೆ ಲೀಟರಿಗೆ 12 ಮಿ.ಗ್ರಾಂ. ಏರಿಕೆ, ಅದೂ ಮೀನಿಗೆ ಒಂದು ಕಾಳು ಆಹಾರ ಹಾಕದೇ.

ಕೆರೆಗಳಿಗೂ ಇದೇ ಲೆಕ್ಕ

ಇದನ್ನು ಅರ್ಥ ಮಾಡಿಕೊಳ್ಳೋಕೆ ಕೋಲಾರದವರಿಗೆ ಪಠ್ಯಪುಸ್ತಕ ಬೇಕಿಲ್ಲ. ಹಿಂದಿನಿಂದಲೂ ನಮ್ಮ ಕಡೆ ಕೆರೆ ಒಣಗಿದಾಗ ತಳದ ಗೋಡು ಮಣ್ಣನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಹಾಕ್ತಿದ್ದರು. ಆ ಮಣ್ಣಲ್ಲಿ ರಾಗಿ ಚೆನ್ನಾಗಿ ಬರ್ತಿತ್ತು, ಯಾಕಂದ್ರೆ ಸಾರವೆಲ್ಲಾ ಹರಿದು ಬಂದು ತಳದಲ್ಲಿ ಕೂತಿರ್ತಿತ್ತು. ಆ ಸಾರವನ್ನು ತಳದಲ್ಲೇ ಬಿಟ್ಟರೆ ಅದೇ ಪಾಚಿಯಾಗಿ ಮೇಲೆ ಬರುತ್ತೆ. ಅಕ್ವೇರಿಯಂನ ಮರಳಿನಲ್ಲಿ ಕೂತಿರೋ ಕೊಳೆಯೂ ಅದೇ ಗೋಡು.

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಮೊದಲು ಬಂದು ಬಿದ್ದದ್ದು ಲಕ್ಷ್ಮೀಸಾಗರ ಕೆರೆಗೆ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆಗಳು ಅನ್ನೋದು ಕೆ.ಸಿ. ವ್ಯಾಲಿ ಯೋಜನೆಯ ಗುರಿ. ಬತ್ತಿದ್ದ ಕೆರೆಗಳು ತುಂಬಿದವು, ಬೋರ್‌ವೆಲ್‌ಗಳಿಗೆ ಜೀವ ಬಂತು. ಅದರ ಜೊತೆಗೇ ಒಂದು ವಾದವೂ ಬಂತು: ನೀರು ಎರಡನೇ ಹಂತದವರೆಗೆ ಮಾತ್ರ ಶುದ್ಧವಾಗಿದೆ, ಮೂರನೇ ಹಂತವೂ ಬೇಕು. ಎರಡನೇ ಹಂತದಲ್ಲಿ ಮುಖ್ಯವಾಗಿ ಹೋಗೋದು ಕೊಳೆಯುವ ಸಾವಯವ ಪದಾರ್ಥ. ಕರಗಿದ ಸಾರಜನಕ, ರಂಜಕ ಪೂರ್ತಿ ಹೋಗಬೇಕಾದರೆ ಅದಕ್ಕೇ ಅಂತ ಬೇರೆ ಹಂತ ಬೇಕು. ನೋಡೋಕೆ ತಿಳಿಯಾದ ನೀರಿನಲ್ಲೂ ಪಾಚಿಯ ಊಟ ಇರಬಹುದು ಅನ್ನೋದು ಈ ವಾದದ ತಿರುಳು. ನಮ್ಮ 200 ಲೀಟರಿಗೂ ಅದೇ ಅನ್ವಯ.

ಯಾವ ಪಾಚಿ ಅಂತ ಮೊದಲು ಗುರುತಿಸಿ

ಎಲ್ಲಾ ಹಸಿರೂ ಒಂದೇ ಅಲ್ಲ, ಎಲ್ಲಕ್ಕೂ ಟ್ಯಾಂಕ್ ಖಾಲಿ ಮಾಡಬೇಕಿಲ್ಲ.

ಕಂದು ಪುಡಿ: ಇದು ಡಯಾಟಮ್. ಮೈಗೆ ಸಿಲಿಕಾ ಚಿಪ್ಪು ಕಟ್ಟಿಕೊಳ್ಳುತ್ತೆ. ಹೊಸ ಟ್ಯಾಂಕಿನ ಮೊದಲ ವಾರಗಳಲ್ಲಿ ಬರೋದು ಸಹಜ, ತಾನೇ ಹೋಗುತ್ತೆ. ವರ್ಷಗಟ್ಟಲೆ ಬರ್ತಾನೇ ಇದ್ದರೆ ನೀರಿನಲ್ಲಿ ಸಿಲಿಕಾ ಇದೆ ಅಂತ ಅರ್ಥ.

ಹಸಿರು ಕೂದಲು: ನೈಟ್ರೇಟ್, ಫಾಸ್ಫೇಟ್ ಎರಡೂ ಹೆಚ್ಚಾದ ಲಕ್ಷಣ. ಕೈಯಲ್ಲಿ ಕಿತ್ತು ಹೊರಗೆ ಹಾಕಿದಷ್ಟೂ ಲಾಭ. ಕಿತ್ತ ಪಾಚಿಯ ಜೊತೆ ಅದು ತಿಂದ ಊಟವೂ ಹೊರಗೆ ಹೋಗುತ್ತೆ.

ಕೆಂಪು ಅಥವಾ ಕಡುನೇರಳೆ ಲೋಳೆ: ಇದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ನೀರು ಓಡದ ಮೂಲೆಯಲ್ಲಿ, ಕೊಳೆ ಕೂತ ಜಾಗದಲ್ಲಿ ಹಾಸು ಹಾಸಾಗಿ ಬರುತ್ತೆ.

ಗುಳ್ಳೆ ಹಿಡಿದ ಕಂದು ಸಿಂಬಳದಂಥದ್ದು: ಡೈನೋಫ್ಲಾಜೆಲೇಟ್. ಇದು ಉಲ್ಟಾ ಕೇಸ್. ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಇಳಿದಾಗಲೂ ಬರುತ್ತೆ. "ಪಾಚಿ" ಅಂದ ತಕ್ಷಣ ಎಲ್ಲವನ್ನೂ ಸೊನ್ನೆ ಮಾಡೋಕೆ ಹೊರಡಬಾರದು ಅನ್ನೋದಕ್ಕೆ ಇದೇ ಕಾರಣ.

ಗುಲಾಬಿ ಅಥವಾ ನೇರಳೆ ಬಣ್ಣದ ಗಟ್ಟಿ ಪದರ: ಕೊರಲೈನ್ ಪಾಚಿ. ಇದು ಒಳ್ಳೇದು, ಕಲ್ಲಿನ ಮೇಲೆ ಇರ್ಲಿ.

ಲೈಟ್ ಕಡಿಮೆ ಮಾಡಿ, ಕೈಯಲ್ಲಿ ಕಿತ್ತು, ಆಹಾರ ಅರ್ಧ ಮಾಡಿ, ಆರು–ಎಂಟು ವಾರ ನೋಡಿದರೂ ಪಾಚಿ ಜಗ್ಗಲಿಲ್ಲ. ಮರಳು ಒಳಗೆ ಕಪ್ಪಾಗಿದೆ. ಅಥವಾ ಹಿಂದೆ ತಾಮ್ರದ ಔಷಧಿ ಹಾಕಿ ಅದು ಕಲ್ಲಿಗೆ ಸೇರಿದೆ. ಇಂಥ ಸಂದರ್ಭದಲ್ಲಿ ಮಾತ್ರ ಖಾಲಿ ಮಾಡಿ. ಯಾಕಂದ್ರೆ ಖಾಲಿ ಮಾಡಿದರೆ ಪಾಚಿಯ ಜೊತೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳೂ ಹೋಗ್ತವೆ. ಅವು ಮತ್ತೆ ಬೆಳೆಯೋಕೆ ಒಂದು ತಿಂಗಳ ಮೇಲೆ ಬೇಕು. ಅಷ್ಟು ದಿನ ಮೀನುಗಳು ಎಲ್ಲಿರಬೇಕು ಅನ್ನೋದು ಮೊದಲ ಪ್ರಶ್ನೆ.

ಮೊದಲು ಮೀನಿಗೆ ಮನೆ

ಟ್ಯಾಂಕಿಗೆ ಕೈ ಹಾಕುವ ಮೊದಲೇ 40–50 ಲೀಟರಿನ ಆಹಾರ ದರ್ಜೆಯ ಪ್ಲಾಸ್ಟಿಕ್ ಡ್ರಮ್ ಅಥವಾ ಟಬ್ ರೆಡಿ ಇರಲಿ. ಹಳೇ ಟ್ಯಾಂಕಿನ ಮೇಲ್ಭಾಗದ ತಿಳಿ ನೀರನ್ನೇ ಅದಕ್ಕೆ ತುಂಬಿ. ಏರ್ ಪಂಪ್, ಹೀಟರ್, ಹಳೇ ಫಿಲ್ಟರಿನ ಸ್ಪಂಜು ಅಥವಾ ಸೆರಾಮಿಕ್ ರಿಂಗು ಅದರೊಳಗೆ ಹೋಗ್ಬೇಕು. ಬ್ಯಾಕ್ಟೀರಿಯಾ ಇರೋದು ಅವುಗಳ ಮೇಲೆ. ಮೇಲೆ ಬಲೆ ಮುಚ್ಚಿ, ಸಮುದ್ರದ ಮೀನುಗಳು ಹೆದರಿದರೆ ಹಾರ್ತವೆ. ಇವಕ್ಕೆ 24ರಿಂದ 27 ಡಿಗ್ರಿ ಬೇಕು. ಡಿಸೆಂಬರ್–ಜನವರಿಯ ಕೋಲಾರದ ರಾತ್ರಿ ಅದಕ್ಕಿಂತ ಬಹಳ ತಣ್ಣಗೆ. ಕರೆಂಟ್ ಹೋದರೆ ಹೀಟರಿಗಿಂತ ಮೊದಲು ಗಾಳಿ ಮುಖ್ಯ, ಹಾಗಾಗಿ ಬ್ಯಾಟರಿಯ ಏರ್ ಪಂಪ್ ಒಂದು ಇರಲಿ.

ಮೊದಲ ದಿನ ಆಹಾರ ಬೇಡ. ಆಮೇಲೂ ಚೂರು ಚೂರೇ. ದಿನಾ ಅಮೋನಿಯಾ ಟೆಸ್ಟ್ ಮಾಡಿ. ಸಮುದ್ರದ ನೀರಿನ ಪಿಎಚ್ 8ರ ಮೇಲೆ. ಅಲ್ಲಿ ಅಮೋನಿಯಾದ ವಿಷಕಾರಿ ರೂಪದ ಪಾಲು ಸಿಹಿನೀರಿಗಿಂತ ಜಾಸ್ತಿ ಇರುತ್ತೆ. ಒಂದು ತಿಂಗಳು ಇಷ್ಟು ನಿಗಾ ಕೊಡೋಕೆ ಆಗಲ್ಲ ಅನ್ನಿಸಿದರೆ, ನಡೀತಿರೋ ಟ್ಯಾಂಕ್ ಇರುವವರ ಹತ್ತಿರ ಮೀನನ್ನು ಬಿಟ್ಟು ಬರೋದೇ ಸರಿ. "ಪಾಪ, ಕೆರೆಗೆ ಬಿಟ್ಬಿಡೋಣ" ಅನ್ನೋದು ಮಾತ್ರ ಬೇಡ. ಸಮುದ್ರದ ಮೀನು ಕೆರೆ ನೀರಿನಲ್ಲಿ ಬದುಕೋದಿಲ್ಲ.

ಕಲ್ಲು ಮತ್ತು ಮರಳು

ಮೀನು ಹೊರಗೆ ಹೋದ ಮೇಲೇ ಮರಳು ಕೆದಕಬೇಕು. ದಪ್ಪ ಮರಳಿನ ಕೆಳಗೆ ಆಮ್ಲಜನಕ ಇಲ್ಲದ ಜಾಗದಲ್ಲಿ ಹೈಡ್ರೋಜನ್ ಸಲ್ಫೈಡ್ ಕೂತಿರುತ್ತೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಅದೇ. ಕಿಟಕಿ ತೆಗೆದಿಟ್ಟು ಕೆಲಸ ಮಾಡಿ. ಕಪ್ಪಾದ ಹಳೇ ಮರಳನ್ನು ಉಳಿಸಿಕೊಳ್ಳೋದಕ್ಕಿಂತ ಬದಲಾಯಿಸೋದು ವಾಸಿ. ಹೊಸದು ತರುವಾಗ ಅರಗೊನೈಟ್ ಮರಳೇ ಬೇಕು. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಕ್ವಾರಿಯ ಎಂ-ಸ್ಯಾಂಡ್ ಇಲ್ಲಿಗೆ ಬರೋದಿಲ್ಲ, ಅದು ಗ್ರಾನೈಟ್ ಪುಡಿ, ಅಂಚುಗಳೂ ಚೂಪು.

ಕಲ್ಲು ಉಜ್ಜುವಾಗ ಒಂದು ಎಚ್ಚರಿಕೆ, ದಯವಿಟ್ಟು ಇದನ್ನು ಹಾರಿಸಿ ಓದಬೇಡಿ. ಪಾಚಿ ಸಾಯಲಿ ಅಂತ ಕಲ್ಲನ್ನು ಬಿಸಿನೀರಲ್ಲಿ ಕುದಿಸಬೇಡಿ. ಅಂಥ ಕಲ್ಲಿನ ಮೇಲೆ ಝೊಆಂಥಿಡ್ ಅನ್ನುವ ಗುಂಡಿಯಂಥ ಜೀವಿಗಳು ಬೆಳೆದಿರಬಹುದು. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಅನ್ನುವ ವಿಷ ಇದೆ. ಕುದಿಸಿದಾಗ ಅದು ಹಬೆಯ ಜೊತೆ ಗಾಳಿಗೆ ಬರುತ್ತೆ. ಹೀಗೆ ಬೇರೆ ದೇಶಗಳಲ್ಲಿ ಮನೆಮಂದಿಯೆಲ್ಲಾ ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಉಜ್ಜುವಾಗಲೂ ರಬ್ಬರ್ ಗ್ಲೌಸ್, ಕನ್ನಡಕ ಹಾಕಿ, ಬಯಲಲ್ಲಿ, ಕಲ್ಲು ಒದ್ದೆ ಇರುವಾಗಲೇ ಉಜ್ಜಿ.

ಬ್ರಷ್ಷಿನಲ್ಲಿ ಉಜ್ಜಿದ ಕಲ್ಲನ್ನು ಒಂದು ಪಾಲು ಬ್ಲೀಚ್, ಹತ್ತು ಪಾಲು ನೀರಿನಲ್ಲಿ ಒಂದು ದಿನ ನೆನೆಸಿ, ತೊಳೆದು, ಬಿಸಿಲಲ್ಲಿ ಒಣಗಿಸಿ. ಪಾಚಿ ಸತ್ತಿತು. ಆದ್ರೆ ಕೆಲಸ ಮುಗೀಲಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಕಲ್ಲು ಫಾಸ್ಫೇಟನ್ನು ಮೈಗೆ ಅಂಟಿಸಿಕೊಂಡಿರುತ್ತೆ, ಹೊಸ ನೀರಿಗೆ ಹಾಕಿದ ಮೇಲೆ ನಿಧಾನವಾಗಿ ಬಿಡುತ್ತೆ. "ಎಲ್ಲಾ ಹೊಸದು, ಆದ್ರೂ ಪಾಚಿ ಬಂತು" ಅನ್ನೋ ಗೊಣಗಾಟದ ಹಿಂದೆ ಬಹಳ ಸಲ ಇರೋದು ಇದೇ ಕಲ್ಲು. ಅದಕ್ಕೆ ಮುಚ್ಚಿದ ಡ್ರಮ್ಮಿನಲ್ಲಿ, ಕತ್ತಲಲ್ಲಿ, ಉಪ್ಪುನೀರು ಮತ್ತು ಒಂದು ಚಿಕ್ಕ ಪಂಪಿನ ಜೊತೆ ಕೆಲವು ವಾರ ಬಿಡಿ. ವಾರಕ್ಕೊಮ್ಮೆ ಫಾಸ್ಫೇಟ್ ಅಳೆದು ನೀರು ಬದಲಿಸಿ. ಅಂಕಿ ಏರೋದು ನಿಂತ ಮೇಲೆ ಟ್ಯಾಂಕಿಗೆ ಬರಲಿ.

ಹೊಸ ಕಲ್ಲು ಕೊಳ್ಳೋದಾದ್ರೆ ಕೃತಕ ಸೆರಾಮಿಕ್ ಕಲ್ಲು ತಗೊಳ್ಳಿ. ಸಮುದ್ರದಿಂದ ಕಿತ್ತು ತಂದ ಹವಳ ಬೇಡ. ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಸಮುದ್ರಕುದುರೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಪಟ್ಟಿಯಲ್ಲಿವೆ. ಮೀನಿಗೂ ಇದೇ ಮಾತು: ಕ್ಲೌನ್ ಫಿಶ್ ಮರಿಗಳನ್ನು ತೊಟ್ಟಿಯಲ್ಲೇ ಬೆಳೆಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಕೇಳಿ, ಸಾಕಿದ ಮರಿಗಳನ್ನೇ ತನ್ನಿ.

ಗಾಜು ತೊಳೆಯುವ ಕ್ರಮ

ಮೊದಲು ಹೀಟರ್ ಸ್ವಿಚ್ ಆಫ್ ಮಾಡಿ ಹದಿನೈದು ನಿಮಿಷ ಬಿಟ್ಟು ಆಮೇಲೆ ನೀರು ಇಳಿಸಿ. ಉರಿಯುವ ಹೀಟರ್ ನೀರಿನಿಂದ ಹೊರಗೆ ಬಂದರೆ ಗಾಜು ಬಿರಿಯುತ್ತೆ. ಎಲ್ಲಾ ಪ್ಲಗ್ ಕಿತ್ತಿಡಿ. ಸ್ವಲ್ಪ ನೀರು ಉಳಿದಿದ್ದರೂ ಟ್ಯಾಂಕ್ ಎತ್ತಬೇಡಿ. ತಳದಲ್ಲಿ 10 ಸೆಂ.ಮೀ. ನೀರಿದ್ದರೆ ಅದೇ 40 ಕೆ.ಜಿ., ಅಷ್ಟೂ ಭಾರ ಸಿಲಿಕೋನ್ ಅಂಟಿನ ಮೇಲೆ ಬೀಳುತ್ತೆ. ಕೆಳಗಿಡುವಾಗ ಥರ್ಮೋಕೋಲ್ ಹಾಸಿ.

ಮೊದಲ ಸುತ್ತು ಆಮ್ಲ. ಗಾಜಿನ ಮೇಲೆ ಕಟ್ಟಿದ ಬಿಳಿ ಸುಣ್ಣ, ಕೊರಲೈನ್ ಪದರ ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ವಿನೆಗರ್ ಅಥವಾ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪಿನ ದ್ರಾವಣದಲ್ಲಿ ಬಟ್ಟೆ ನೆನೆಸಿ ಅಂಟಿಸಿ, ಅರ್ಧ ಗಂಟೆ ಬಿಡಿ. ಇಂಗಾಲದ ಡೈಆಕ್ಸೈಡ್ ಗುಳ್ಳೆ ಬಿಟ್ಟು ಪದರ ಸಡಿಲವಾಗುತ್ತೆ, ಹಳೇ ಎಟಿಎಂ ಕಾರ್ಡಿನಲ್ಲಿ ಕೆರೆದರೆ ಸಾಕು. ಪಂಪಿನ ಒಳಗಿನ ಚಕ್ರವನ್ನೂ ಇದರಲ್ಲೇ ನೆನೆಸಿ. ಆಮೇಲೆ ಚೆನ್ನಾಗಿ ತೊಳೆದು ಒಣಗಲು ಬಿಡಿ.

ಎರಡನೇ ಸುತ್ತು, ಮಾರನೇ ದಿನ, ಬ್ಲೀಚ್. ಸುಗಂಧ, ಸೋಪು ಸೇರಿಸದ ಸಾದಾ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಒಂದಕ್ಕೆ ಹತ್ತು ನೀರು. ಎರಡು ಸುತ್ತುಗಳ ನಡುವೆ ಒಂದು ದಿನದ ಅಂತರ ಯಾಕೆ? ಬ್ಲೀಚ್ ಮತ್ತು ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಬರುತ್ತೆ. ಬಾತ್‌ರೂಮ್ ತೊಳೆಯುವ ಆಸಿಡ್ಡಿನ ಜೊತೆ ಅಂತೂ ಯಾವತ್ತೂ ಸೇರಿಸಬೇಡಿ. ಮುಚ್ಚಿದ ಹಾಸ್ಟೆಲ್ ಬಾತ್‌ರೂಮಿನಲ್ಲಿ ಇದು ಪ್ರಾಣಕ್ಕೇ ಕುತ್ತು. ಕೊನೆಗೆ ಚೆನ್ನಾಗಿ ತೊಳೆದು, ಕೆಮಿಸ್ಟ್ರಿ ಲ್ಯಾಬಿನವರಿಗೆ ಪರಿಚಯದ ಸೋಡಿಯಂ ಥಯೋಸಲ್ಫೇಟ್ ಸ್ವಲ್ಪ ಕರಗಿಸಿದ ನೀರಿನಲ್ಲಿ ಒಮ್ಮೆ ತೊಳೆದರೆ ಉಳಿದ ಕ್ಲೋರಿನ್ ಹೋಗುತ್ತೆ. ಎರಡು ದಿನ ಬಿಸಿಲು ಕಾಣಿಸಿ. ಪಾತ್ರೆ ತೊಳೆಯುವ ಸೋಪು, ಡಿಟರ್ಜೆಂಟ್ ಯಾವ ಹಂತದಲ್ಲೂ ಬೇಡ. ಅದರ ಉಳಿಕೆ ಮೀನಿನ ಕಿವಿರಿಗೆ ಅಪಾಯ.

200 ಲೀಟರ್ ಉಪ್ಪುನೀರು ಎಲ್ಲಿ ಚೆಲ್ಲೋದು?

ಕರಾವಳಿಯವರಿಗೆ ಇದು ಪ್ರಶ್ನೆಯೇ ಅಲ್ಲ. ನಮಗೆ ಇದು ದೊಡ್ಡ ಪ್ರಶ್ನೆ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ 200 ಲೀಟರಿನಲ್ಲಿ 7 ಕೆ.ಜಿ. ಉಪ್ಪು. ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಲವಣಗಳು ಲೀಟರಿಗೆ 500 ಮಿ.ಗ್ರಾಂ. ಒಳಗಿರಬೇಕು. ಈ 7 ಕೆ.ಜಿ.ಯನ್ನು ಅಷ್ಟು ತೆಳುವಾಗಿಸೋಕೆ, ಶುದ್ಧ ನೀರೇ ಸೇರಿಸಿದರೂ, ಒಟ್ಟು 14,000 ಲೀಟರ್ ಆಗಬೇಕು. 5,000 ಲೀಟರಿನ ಮೂರು ಟ್ಯಾಂಕರ್. ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ಫೋನ್ ಹಚ್ಚಿ ಕಾಯುವ ಊರಲ್ಲಿ ನಾವಿದ್ದೀವಿ.

ಮೋರಿಗೆ ಬಿಟ್ಟರೆ ಅದು ಇಂದಲ್ಲ ನಾಳೆ ಯಾವುದೋ ಕೆರೆಯ ಕಡೆಗೇ ಹೋಗುತ್ತೆ. ಕೊಳಚೆ ಸಂಸ್ಕರಣಾ ಘಟಕದ ಬ್ಯಾಕ್ಟೀರಿಯಾ ಕೊಳಕನ್ನು ತಿನ್ನುತ್ತೆ, ಕರಗಿದ ಉಪ್ಪನ್ನು ತಿನ್ನೋದಿಲ್ಲ. ಗಿಡದ ಬುಡಕ್ಕೆ ಹಾಕಿದರೆ ಬೇರಿಗೆ ನೀರು ಹೀರೋಕೆ ಆಗಲ್ಲ. ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಬಿಡಿಸಿ ಮಣ್ಣನ್ನು ಗಟ್ಟಿ ಮಾಡುತ್ತೆ. ಉಪ್ಪಿಗೆ ಮಾವಿನ ಗಿಡ ಎಷ್ಟು ಬೇಗ ಎಲೆ ಸುಟ್ಟುಕೊಳ್ಳುತ್ತೆ ಅಂತ ಶ್ರೀನಿವಾಸಪುರದ ತೋಟದವರನ್ನು ಕೇಳಿ ನೋಡಿ. ಸಿಹಿನೀರಿನ ಅಕ್ವೇರಿಯಂನ ಕೊಳೆನೀರು ಗಿಡಕ್ಕೆ ಗೊಬ್ಬರ. ಉಪ್ಪುನೀರಿಗೆ ಆ ಮಾತು ಅನ್ವಯಿಸಲ್ಲ.

ಹಾಗಾದ್ರೆ ಏನು ಮಾಡೋದು? ಮೊದಲು ಬಳಸಿ. ಮೀನಿನ ಟಬ್, ಕಲ್ಲು ಉಜ್ಜೋದು, ಮರಳಿನ ಮೊದಲ ಜಾಲಿಸುವಿಕೆ ಎಲ್ಲವೂ ಹಳೇ ಉಪ್ಪುನೀರಲ್ಲೇ ಆಗ್ಲಿ. ಉಳಿದದ್ದನ್ನು ಬಿಸಿಲಿಗೆ ಕೊಡಿ. ತಾರಸಿಯ ಮೇಲೆ ಮಾಲೂರಿನ ಇಟ್ಟಿಗೆ ಸುತ್ತ ಜೋಡಿಸಿ, ಮೇಲೆ ದಪ್ಪ ಟಾರ್ಪಾಲಿನ್ ಹಾಸಿ 2 ಮೀಟರ್ × 2 ಮೀಟರಿನ ತಟ್ಟೆ ಮಾಡಿ. 200 ಲೀಟರ್ ಪೂರ್ತಿ ಸುರಿದರೂ ನೀರು 5 ಸೆಂ.ಮೀ. ಎತ್ತರ ನಿಲ್ಲುತ್ತೆ. ಚದರ ಮೀಟರಿಗೆ ಸುಮಾರು 50 ಕೆ.ಜಿ. ಭಾರ, ಐಎಸ್ 875ರಲ್ಲಿ ಓಡಾಡುವ ತಾರಸಿಗೆ ಹಿಡಿಯುವ ಭಾರ ಸುಮಾರು 150 ಕೆ.ಜಿ., ಸಿವಿಲ್‌ನವರು ನೆಮ್ಮದಿಯಾಗಿರಬಹುದು. ದಿನಕ್ಕೆ 5 ಮಿ.ಮೀ. ಆವಿಯಾದರೆ ಹತ್ತು ದಿನ. ಉಪ್ಪು ಗಟ್ಟಿಯಾದಂತೆ ಆವಿಯಾಗೋದು ನಿಧಾನ ಆಗುತ್ತೆ, ಹಾಗಾಗಿ ಎರಡು ವಾರ ಅನ್ನಿ. ಮಳೆಗಾಲದಲ್ಲಿ ಈ ಕೆಲಸ ಇಟ್ಕೋಬೇಡಿ. ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವ ಎಳೆದುಕೊಳ್ಳೋದ್ರಿಂದ ಕೊನೆಗೆ ಸ್ವಲ್ಪ ಒದ್ದೆ ಉಪ್ಪೇ ಉಳಿಯುತ್ತೆ. ಅದನ್ನು ಎರಡು ಕವರಿನಲ್ಲಿ ಕಟ್ಟಿ ಒಣ ಕಸದವರಿಗೆ ಹೇಳಿ ಕೊಡಿ. ನೆಲಕ್ಕೆ ಒಂದು ಚಮಚವೂ ಬೀಳಲಿಲ್ಲ.

ಮತ್ತೆ ತುಂಬೋದು

ಹೊಸ ನೀರು ಆರ್‌ಒ ನೀರೇ ಆಗಿರಬೇಕು. ಆದ್ರೆ ಮನೆಯ ಆರ್‌ಒ ಯಂತ್ರದಲ್ಲಿ ರುಚಿಗೆ ಅಂತ ಸ್ವಲ್ಪ ಮೂಲ ನೀರನ್ನು ಬೆರೆಸುವ ತಿರುಗಣೆ ಇರುತ್ತೆ, ಅದನ್ನು ಮುಚ್ಚಿಸಿ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ 20 ಲೀಟರಿನ ಹತ್ತು ಕ್ಯಾನ್ ತುಂಬಿಸೋದಾದ್ರೆ ಮೊದಲು ಟಿಡಿಎಸ್ ಮೀಟರ್ ಅದ್ದಿ ನೋಡಿ. ಆರ್‌ಒ ಆದ ಮೇಲೂ ಉಳಿಯುವ ಸಿಲಿಕಾ, ನೈಟ್ರೇಟ್ ತೆಗೆಯೋಕೆ ಡಿಅಯೋನೈಸಿಂಗ್ ರೆಸಿನ್‌ನ ಒಂದು ಚಿಕ್ಕ ಕೊಳವೆ ಸಾಕು. ಮೀಟರ್ ಸೊನ್ನೆ ತೋರಿಸಬೇಕು. ಮನೆಯಲ್ಲೇ ಮಾಡಿದರೆ ಒಂದು ಲೀಟರಿಗೆ ಎರಡು ಮೂರು ಲೀಟರ್ ವೇಸ್ಟ್ ನೀರು ಬರುತ್ತೆ. ಅದನ್ನು ಮೊದಲೇ ಡ್ರಮ್ಮಿಗೆ ಹಿಡಿದಿಟ್ಟರೆ ಗಾಜು ತೊಳೆಯೋಕೆ, ನೆಲ ಒರೆಸೋಕೆ ಅದೇ ಆಯ್ತು. ಅಂದ್ರೆ ಆರ್‌ಒ ಕೆಲಸ ಮೊದಲು, ತೊಳೆಯೋದು ಆಮೇಲೆ.

ಅಡುಗೆ ಉಪ್ಪು ಕೂಡದು. ಸಮುದ್ರದ ಒಂದು ಕೆ.ಜಿ. ನೀರಿನಲ್ಲಿ ಸೋಡಿಯಂ, ಕ್ಲೋರೈಡ್ ಅಲ್ಲದೆ ಸುಮಾರು 2.7 ಗ್ರಾಂ ಸಲ್ಫೇಟ್, 1.3 ಗ್ರಾಂ ಮೆಗ್ನೀಸಿಯಂ, ತಲಾ 0.4 ಗ್ರಾಂ ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ಇರ್ತವೆ. ಅದಕ್ಕೆ ಅಕ್ವೇರಿಯಂನ ಸಮುದ್ರ ಉಪ್ಪೇ ಬೇಕು, ಪೊಟ್ಟಣದ ಮೇಲಿನ ಅಳತೆಯಂತೆ. 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ 1.025–1.026 ಬರಬೇಕು. ಅಡುಗೆ ಉಪ್ಪಿಗೆ ಒಂದು ಒಳ್ಳೇ ಉಪಯೋಗ ಇದೆ: 36.5 ಗ್ರಾಂ ಉಪ್ಪನ್ನು 963.5 ಗ್ರಾಂ ಆರ್‌ಒ ನೀರಿನಲ್ಲಿ ಕರಗಿಸಿದರೆ ರಿಫ್ರಾಕ್ಟೋಮೀಟರಿನಲ್ಲಿ ಅದು 35 ಅಂತ ತೋರಿಸಬೇಕು. ತೋರಿಸದಿದ್ದರೆ ಮೀಟರ್ ಸರಿಪಡಿಸಿಕೊಳ್ಳಿ.

ಈಗ ಮೀನಿಲ್ಲದೆ, ಲೈಟಿಲ್ಲದೆ ಬ್ಯಾಕ್ಟೀರಿಯಾ ಬೆಳೆಸುವ ಹಂತ. ಲೀಟರಿಗೆ 2 ಮಿ.ಗ್ರಾಂ. ಅಮೋನಿಯಾ ಬರಬೇಕಾದ್ರೆ 200 ಲೀಟರಿಗೆ ಸುಮಾರು 1.26 ಗ್ರಾಂ ಅಮೋನಿಯಂ ಕ್ಲೋರೈಡ್ ಸಾಕು. ಹಳೇ ಫಿಲ್ಟರಿನ ನಾಲ್ಕು ರಿಂಗು ಟಬ್ಬಿನಿಂದ ತಂದು ಹಾಕಿದರೆ ಬೇಗ ಹತ್ತಿಕೊಳ್ಳುತ್ತೆ. ಇದೇ ಪ್ರಮಾಣ ಮತ್ತೆ ಹಾಕಿದಾಗ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಟ್ಯಾಂಕ್ ರೆಡಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಆಮೇಲೆ ಸ್ವಲ್ಪ ನೀರು ಬದಲಿಸಿ ಮೀನನ್ನು ನಿಧಾನಕ್ಕೆ ಹೊಂದಿಸಿ ಬಿಡಿ. ಲೈಟ್ ದಿನಕ್ಕೆ ಆರರಿಂದ ಎಂಟು ಗಂಟೆ. ಮೊದಲ ವಾರಗಳಲ್ಲಿ ಕಂದು ಪುಡಿ ಬಂದೇ ಬರುತ್ತೆ, ಗಾಬರಿ ಬಿದ್ದು ಮತ್ತೆ ಎಲ್ಲಾ ಚೆಲ್ಲಬೇಡಿ.

ಎಷ್ಟು ನೀರು ಬದಲಿಸಬೇಕು?

ಇದು ಎಂಜಿನಿಯರುಗಳ ಪ್ರಶ್ನೆ. ದಿನಕ್ಕೆ 1 ಗ್ರಾಂ ಆಹಾರ ಅಂದ್ರೆ ವಾರಕ್ಕೆ ಸುಮಾರು 10 ಮಿ.ಗ್ರಾಂ./ಲೀ. ನೈಟ್ರೇಟ್ ಏರಿಕೆ ಅಂತ ಮೇಲೆ ನೋಡಿದ್ವಿ. ವಾರಕ್ಕೊಮ್ಮೆ ಶೇ. 20 ನೀರು ಬದಲಿಸಿದರೆ, ಬದಲಿಸುವ ಮುಂಚಿನ ಮಟ್ಟ ಎಲ್ಲಿ ನಿಲ್ಲುತ್ತೆ? ಮಟ್ಟ = 0.8 × ಮಟ್ಟ + 10. ಉತ್ತರ 50. ನೀವು ಎಷ್ಟೇ ಶಿಸ್ತಿನಿಂದ ವಾರ ವಾರ ಬದಲಿಸಿ, ಅದು ಐವತ್ತರ ಹತ್ತಿರ ಹೋಗಿ ಕೂರುತ್ತೆ. ಇದನ್ನು 25ಕ್ಕೆ ಇಳಿಸೋಕೆ ಎರಡು ದಾರಿ. ಒಂದು, ವಾರಕ್ಕೆ ಶೇ. 40 ನೀರು ಬದಲಿಸೋದು: 80 ಲೀಟರ್ ಆರ್‌ಒ, 2.8 ಕೆ.ಜಿ. ಉಪ್ಪು, ಮತ್ತೆ ಅಷ್ಟೇ ಉಪ್ಪುನೀರು ಒಣಗಿಸುವ ಕೆಲಸ. ಇನ್ನೊಂದು, ಆಹಾರ ಅರ್ಧ ಮಾಡೋದು. ಖರ್ಚು ಸೊನ್ನೆ. ನೀರಿಗೆ ಬರ ಇರುವ ಜಿಲ್ಲೆಯಲ್ಲಿ ಯಾವುದು ಮೊದಲು ಅಂತ ಹೇಳಬೇಕಿಲ್ಲ. ಎರಡು ಚಿಕ್ಕ ಮೀನಿಗೆ ದಿನಕ್ಕೆ ಒಂದು ಗ್ರಾಂ ಬೇಕಾಗೇ ಇಲ್ಲ.

ಇನ್ನೂ ಇಳಿಸಬೇಕಾದ್ರೆ ಸಾರವನ್ನು ಹೊರಗೆ ಸಾಗಿಸುವ ಏರ್ಪಾಡು ಬೇಕು: ಪ್ರೋಟೀನ್ ಸ್ಕಿಮ್ಮರ್, ಅಥವಾ ಪಕ್ಕದ ತೊಟ್ಟಿಯಲ್ಲಿ ಕೀಟೊಮಾರ್ಫಾ ಅನ್ನುವ ಪಾಚಿಯನ್ನು ನಾವೇ ಬೆಳೆಸಿ, ತಿಂಗಳಿಗೊಮ್ಮೆ ಕಿತ್ತು ಎಸೆಯೋದು. ಪಾಚಿ ತಿನ್ನುವ ಬಸವನಹುಳು ತಂದರೆ ಗಾಜು ಕ್ಲೀನ್ ಆಗುತ್ತೆ ನಿಜ, ಆದ್ರೆ ಹುಲ್ಲು ತಿಂದ ಹಸು ಸಗಣಿ ಹಾಕದೇ ಇರುತ್ತಾ? ಸಾರ ಟ್ಯಾಂಕಿನೊಳಗೇ ಸುತ್ತುತ್ತೆ.

ಪಾಚಿ ಹಿಡಿದ ಟ್ಯಾಂಕ್ ನಿಮ್ಮ ಮನೆಯಲ್ಲೋ ರೂಮಿನಲ್ಲೋ ಇದ್ದರೆ, ಬಕೆಟ್ ಹಿಡಿಯುವ ಮುಂಚೆ ಈ ವಾರ ಮೂರು ಅಂಕಿ ಬರೆದಿಟ್ಕೊಳ್ಳಿ: ಟ್ಯಾಂಕಿನ ನೈಟ್ರೇಟ್, ನೀವು ತುಂಬುವ ನೀರಿನ ನೈಟ್ರೇಟ್, ದಿನಕ್ಕೆ ಹಾಕುವ ಆಹಾರದ ತೂಕ. ಲ್ಯಾಬಿನ ತಕ್ಕಡಿಯಲ್ಲಿ ಒಮ್ಮೆ ಆ ಚಿಟಿಕೆಯನ್ನು ತೂಗಿ ನೋಡಿ. ಲೆಕ್ಕ ಹಾಕಿದ ಮೇಲೂ ಖಾಲಿ ಮಾಡ್ಲೇಬೇಕು ಅನ್ನಿಸಿದರೆ ಮಾಡಿ. ಇಲ್ಲಾಂದ್ರೆ 200 ಲೀಟರ್ ನೀರು, 7 ಕೆ.ಜಿ. ಉಪ್ಪು, ಎರಡು ಮೀನಿನ ಒಂದು ತಿಂಗಳ ಪಾಡು ಉಳೀತು.